‘ಫ್ರೈಷುಟ್ಸ್’ ನಂತರ ವೇಬರ್ ಏನು ಮಾಡಿದರು? ಲಂಡನ್‌ನಲ್ಲಿ ತೀರಿಕೊಂಡಿದ್ದೇಕೆ?

ಜರ್ಮನ್ ಸಂಗೀತ ರಚನಕಾರ ಕಾರ್ಲ್ ಮಾರಿಯಾ ಫಾನ್ ವೇಬರ್ (1786–1826) 1817ರಿಂದ ಡ್ರೆಸ್ಡೆನ್ ಆಸ್ಥಾನದಲ್ಲಿ ಜರ್ಮನ್ ಒಪೆರಾದ (ಹಾಡಿನ ಮೂಲಕ ನಡೆಯುವ ನಾಟಕದ) ನಿರ್ದೇಶಕರು. 1821ರಲ್ಲಿ ಬರ್ಲಿನ್‌ನಲ್ಲಿ ಅವರ ಒಪೆರಾ ‘ಡೆರ್ ಫ್ರೈಷುಟ್ಸ್’ ಭರ್ಜರಿಯಾಗಿ ಗೆದ್ದಿತು. 1823ರಲ್ಲಿ ವಿಯೆನ್ನಾಗೆ ಬರೆದ ‘ಒಯ್ರಿಯಾಂಥೆ’ಯಲ್ಲಿ ಮಾತನ್ನೇ ಬಿಟ್ಟು ಇಡೀ ನಾಟಕವನ್ನು ಸಂಗೀತದಲ್ಲೇ ನಡೆಸಿದರು. ಸಂಗೀತ ಅದ್ಭುತ, ಕಥೆ ಮಾತ್ರ ಗೋಜಲು. ಅದು ರಂಗದ ಮೇಲೆ ನೆಲೆಯೂರದಿರಲು ಅದೇ ಕಾರಣ.

ಅಷ್ಟರಲ್ಲಿ ಕ್ಷಯ ಉಲ್ಬಣಿಸಿತ್ತು. ಆದರೂ ಹೆಂಡತಿ ಮಕ್ಕಳಿಗೆ ನಾಲ್ಕು ಕಾಸು ಉಳಿಸಬೇಕೆಂದು ಲಂಡನ್‌ನ ಕೋವೆಂಟ್ ಗಾರ್ಡನ್ ರಂಗಮಂದಿರದ ಕರೆ ಒಪ್ಪಿ, ಅದಕ್ಕಾಗಿ ಇಂಗ್ಲಿಷ್ ಕಲಿತರು. ಅಲ್ಲಿಗಾಗಿ ಬರೆದ, ಯಕ್ಷರಾಜನ ಕಥೆಯ ಒಪೆರಾ ‘ಒಬೆರಾನ್’ 1826ರ ಏಪ್ರಿಲ್ 12ರಂದು ಅವರದೇ ನಿರ್ದೇಶನದಲ್ಲಿ ರಂಗಕ್ಕೇರಿತು. ಹಾಡದೆ ಬರೀ ಮಾತಾಡುವ ಪಾತ್ರಗಳೇ ಅದರಲ್ಲಿ ಜಾಸ್ತಿ. ಇದು ವೇಬರ್‌ಗೂ ಹಿಡಿಸಿರಲಿಲ್ಲ. ಊರಿಗೆ ಮರಳಿ ತಿದ್ದುವ ಯೋಚನೆಯಿತ್ತು. ಅದರ ಪೀಠಿಕಾ ಸಂಗೀತವನ್ನಂತೂ ತಪ್ಪದೆ ಕೇಳಿ: ಒಂಟಿ ಹಾರ್ನ್ (ಕೊಂಬಿನಂಥ ಊದುವಾದ್ಯ) ಮೆಲ್ಲಗೆ ಏರುವ ಮೂರೇ ಸ್ವರ ನುಡಿಸುತ್ತದೆ, ದನಿ ತಗ್ಗಿಸುವ ಮ್ಯೂಟ್ ಹಾಕಿದ ತಂತಿವಾದ್ಯಗಳು ಓಗೊಡುತ್ತವೆ. ಅಷ್ಟರಲ್ಲೇ ಯಕ್ಷಲೋಕ ತೆರೆದುಕೊಳ್ಳುತ್ತದೆ.

ಊರಿಗೆ ಹೊರಡಲು ಸಿದ್ಧರಾಗಿದ್ದಾಗಲೇ, ಜೂನ್ 5ರ ಬೆಳಗ್ಗೆ, ಆತಿಥೇಯ ಜಾರ್ಜ್ ಸ್ಮಾರ್ಟ್ ಅವರ ಮನೆಯಲ್ಲಿ ಹಾಸಿಗೆಯಲ್ಲೇ ಅಸುನೀಗಿದ್ದರು. ವಯಸ್ಸು ಬರೀ 39. 1844ರಲ್ಲಿ ಅವಶೇಷಗಳನ್ನು ಡ್ರೆಸ್ಡೆನ್‌ಗೆ ತಂದರು. ಸಮಾಧಿಯ ಬಳಿ ಭಾಷಣ ಮಾಡಿದವರು ಒಪೆರಾ ರಚನಕಾರ ರಿಚರ್ಡ್ ವಾಗ್ನರ್.