ಹಾಸಿಗೆ ಎಷ್ಟುದ್ದ ಅಂತ ಯಾರೂ ಹೇಳಲಿಲ್ಲ

ಆಕೆ ಮೊದಲ ಸಲ ನನ್ನ ಹತ್ತಿರ ಆಪ್ತಸಲಹೆಗೆ ಬಂದದ್ದು ನಿದ್ದೆ ಬರುತ್ತಿಲ್ಲ ಅಂತ. ವಯಸ್ಸು 28, ಮದುವೆಗೆ ಐದು ತಿಂಗಳು ಬಾಕಿ. ಹುಡುಗ ಒಳ್ಳೆಯವನು, ಎರಡೂ ಮನೆಯವರು ಒಪ್ಪಿದ್ದಾರೆ. ಆದರೂ ದಿನಾ ರಾತ್ರಿ ಫೋನಿನಲ್ಲಿ ಜಗಳ. ಯಾವುದಕ್ಕೆ ಅಂದರೆ ಆಮಂತ್ರಣ ಪತ್ರದ ಕಾಗದಕ್ಕೆ, ವೇದಿಕೆಯ ಹೂವಿಗೆ, ಒಂದು ಸಲವಂತೂ ಕುರ್ಚಿಯ ಹೊದಿಕೆಗೆ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ. ಹುಡುಗಿ, ಹುಡುಗ ಎಂದೇ ಕರೆಯುತ್ತೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಒಟ್ಟು ಖರ್ಚು ಎಷ್ಟಾಗಬಹುದು ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಎಷ್ಟು ಹಣ ಇದೆ? ಅದೂ ಗೊತ್ತಿಲ್ಲ. ಅಪ್ಪನಿಗೆ ನಿವೃತ್ತಿಗೆ ಇನ್ನೆರಡೇ ವರ್ಷ. ಕೇಳಿದರೆ "ಅದೆಲ್ಲ ನಿನಗ್ಯಾಕಮ್ಮ" ಅಂತಾರೆ. ಆದರೆ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಸಾಲದ ಬಡ್ಡಿ ವಿಚಾರಿಸಿದ್ದು ಅವಳಿಗೆ ಕೇಳಿಸಿದೆ. ನಿದ್ದೆ ಹೋದದ್ದು ಅಂದಿನಿಂದ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಬುದ್ಧಿ ಹೇಳ್ತಾರೆ ಮೇಡಂ. ಹಾಸಿಗೆ ಎಷ್ಟುದ್ದ ಇದೆ ಅಂತ ಮಾತ್ರ ಯಾರೂ ಹೇಳಲ್ಲ."

ಈ ಮಾತನ್ನು ಹಾಗೇ ಬರೆದಿಟ್ಟುಕೊಂಡೆ. ಮದುವೆ ಖರ್ಚಿನ ಜಗಳ ಹೊತ್ತು ಬಂದ ಎಷ್ಟೋ ಜೋಡಿಗಳನ್ನು ನೋಡಿದ್ದೇನೆ. ಹಣ ಕಡಿಮೆ ಇದೆ ಅಂತ ಒದ್ದಾಡಿದವರಿಗಿಂತ, ಹಣ ಎಷ್ಟಿದೆ ಅಂತ ಗೊತ್ತಿಲ್ಲದೆ ಒದ್ದಾಡಿದವರೇ ಜಾಸ್ತಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಅಪ್ಪನನ್ನು ನೇರವಾಗಿ ಕೇಳಿಬಿಡಿ" ಎಂದು ಹೇಳಿ ಕಳಿಸಿದೆ. ಹುಡುಗಿ ಮನೆಗೆ ಹೋದವಳೇ "ನಿಮ್ಮ ಹತ್ತಿರ ಎಷ್ಟಿದೆ?" ಅಂತ ಕೇಳಿದ್ದಾಳೆ. ಮಗಳ ಮದುವೆ ಮಾಡುವ ಶಕ್ತಿ ಇದೆಯೋ ಇಲ್ಲವೋ ಅಂತ ಮಗಳೇ ಪರೀಕ್ಷೆ ಮಾಡಿದ ಹಾಗಾಯಿತು ಅವರಿಗೆ. ಎರಡು ದಿನ ಮಾತಿಲ್ಲ. ಮುಂದಿನ ವಾರ ಅವಳು ಬಂದಾಗ ಮೊದಲು ನಾನು ಕ್ಷಮೆ ಕೇಳಿದೆ.

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆವು. ಎಷ್ಟಿದೆ ಅಂತ ಕೇಳಬೇಡಿ, ಯಾವ ಹಣವನ್ನು ಮುಟ್ಟಬಾರದು ಅಂತ ಕೇಳಿ. ನಿವೃತ್ತಿಯ ನಂತರದ ಬದುಕಿಗೆ ಇಟ್ಟದ್ದು, ಅಮ್ಮನ ಚಿಕಿತ್ಸೆಗೆ ಇಟ್ಟದ್ದು, ತಮ್ಮನ ಓದಿಗೆ ಇಟ್ಟದ್ದು. "ಅಪ್ಪಾ, ಇಷ್ಟನ್ನು ಮೊದಲು ಬೇರೆ ತೆಗೆದಿಡೋಣ. ನನ್ನ ಮದುವೆಗೆ ಅಂತ ಇವನ್ನು ಮುರಿಸಿದರೆ ನನಗೆ ಆ ದಿನ ನಗೋಕಾಗಲ್ಲ." ಹೀಗೆ ಕೇಳಿದಾಗ ಅಪ್ಪ ಕಾಗದ, ಪೆನ್ನು ತಂದು ಕೂತರಂತೆ. ಮುಟ್ಟಬಾರದ್ದನ್ನೆಲ್ಲ ಕಳೆದ ಮೇಲೆ ಉಳಿದದ್ದು ಮದುವೆಗೆ. ಹುಡುಗನ ಮನೆಯಲ್ಲೂ ಇದೇ ಲೆಕ್ಕ ಆಯಿತು. ಎರಡನ್ನೂ ಕೂಡಿಸಿದಾಗ ಬಂದ ಮೊತ್ತ, ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮದುವೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೇಸರ ಆಯಿತು. ಆದರೆ ಅಂದು ರಾತ್ರಿ ನಿದ್ದೆ ಬಂತು ಎಂದಳು.

ಮೂರನೇ ಸಲ ಇಬ್ಬರೂ ಬಂದರು. ಹುಡುಗ ಕೈಯಲ್ಲಿ ಒಂದು ಮುದ್ರಿತ ಹಾಳೆ ಹಿಡಿದಿದ್ದ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಮಾಡಿದ ಅಧ್ಯಯನದ ಸುದ್ದಿ. ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ನೋಡಿದ್ದರು. ಮದುವೆಗೆ ತುಂಬಾ ಖರ್ಚು ಮಾಡಿದವರಲ್ಲಿ ವಿಚ್ಛೇದನ ಜಾಸ್ತಿ ಕಂಡಿತ್ತು. "ನೋಡಿ ಮೇಡಂ, ನಾನು ಹೇಳಿದ್ದು ಇದನ್ನೇ" ಎಂದ.

ಪುಣ್ಯಕ್ಕೆ ಆ ಅಧ್ಯಯನ ನಾನೂ ಓದಿದ್ದೆ. ಖರ್ಚಿನಿಂದಲೇ ಮದುವೆ ಮುರಿಯುತ್ತದೆ ಅಂತ ಅದು ಸಾಧಿಸಿಲ್ಲ, ಎರಡೂ ಒಟ್ಟೊಟ್ಟಿಗೆ ಕಂಡವು ಅಷ್ಟೇ. ಅದೂ ಅಲ್ಲದೆ, ಮದುವೆಗೆ ಹೆಚ್ಚು ಜನ ಬಂದಿದ್ದವರಲ್ಲಿ ವಿಚ್ಛೇದನ ಕಡಿಮೆ ಅಂತಲೂ ಅದರಲ್ಲೇ ಇದೆ. ಇದನ್ನು ಹೇಳಿದ ತಕ್ಷಣ ಹುಡುಗಿ ನಕ್ಕಳು. ಹುಡುಗ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಸಿಂಪಲ್ ಮದುವೆ ಯಾಕೆ ಬೇಕು ಎಂದು ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಅಕ್ಕನ ಮದುವೆಗೆ ಮಾಡಿದ ಸಾಲ ತೀರಲು ಆರು ವರ್ಷ ಹಿಡಿಯಿತಂತೆ. ಅಷ್ಟೂ ವರ್ಷ ಅರ್ಧ ಸಂಬಳ ಅದಕ್ಕೇ ಹೋಯಿತು. ಇದನ್ನು ಹುಡುಗಿಗೆ ಒಂದು ದಿನವೂ ಹೇಳಿರಲಿಲ್ಲ. ಅವನು "ಸಿಂಪಲ್ ಆಗಿರಲಿ" ಅಂದಾಗಲೆಲ್ಲ ಅವಳ ಕಿವಿಗೆ ಬಿದ್ದದ್ದು "ನಿನಗೆ ಇಷ್ಟು ಸಾಕು" ಅಂತ.

ಅವಳದ್ದೂ ಒಂದು ಕತೆ ಇತ್ತು. ಚಿಕ್ಕಪ್ಪನ ಮಗಳ ಮದುವೆಯಲ್ಲಿ ಯಾರೋ ಅಲಂಕಾರ ನೋಡಿ ಕುಹಕ ಆಡಿದ್ದರು. ಚಿಕ್ಕಪ್ಪನ ಮುಖ ಸಣ್ಣಗಾದದ್ದನ್ನು ಅವಳು ಹತ್ತಿರದಿಂದ ನೋಡಿದ್ದಳು. ತನ್ನ ಅಪ್ಪನಿಗೆ ಅದು ಆಗಬಾರದು. ಚಂದದ ಮದುವೆ ಅಂದರೆ ಅವಳ ಮನಸ್ಸಿನಲ್ಲಿ, ಯಾರೂ ಏನೂ ಅನ್ನದ ಮದುವೆ.

ಯಾರೂ ಏನೂ ಅನ್ನದ ಮದುವೆ ಇರುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳಿದೆ. ಜೊತೆಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಹೇಳಿದೆ. ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದರು. ಹೊರಗೆ ಬಂದ ಮೇಲೆ, ನಿಮ್ಮ ಶರ್ಟನ್ನು ಎಷ್ಟು ಜನ ಗಮನಿಸಿರಬಹುದು ಎಂದು ಕೇಳಿದಾಗ, ಸುಮಾರು ಅರ್ಧದಷ್ಟು ಎಂದರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ಮದುವೆಗೆ ಬಂದವರೂ ಹಾಗೇ. ಅವರ ಗಮನ ತಮ್ಮ ಬಟ್ಟೆ, ತಮ್ಮ ಮಗು, ವಾಪಸ್ ಹೋಗುವ ಗಾಡಿ ಇವುಗಳ ಮೇಲೇ ಇರುತ್ತದೆ, ಅಲ್ವಾ?

ಒಂದು ಮನೆಗೆಲಸ ಕೊಟ್ಟೆ. ನೀವು ಹೋಗಿ ಬಂದ ಕಳೆದ ಐದು ಮದುವೆಗಳಲ್ಲಿ ಏನೇನು ನೆನಪಿದೆ, ಬೇರೆ ಬೇರೆ ಕೂತು ಬರೆಯಿರಿ. ಹುಡುಗಿ ಬರೆದದ್ದು: ಗೆಳತಿಯ ತಾತ ಕುಣಿದದ್ದು, ಊಟಕ್ಕೆ ತುಂಬಾ ಹೊತ್ತು ಕಾದದ್ದು, ಒಬ್ಬ ವಧು ತನ್ನ ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಂಡದ್ದು. ಹುಡುಗ ಬರೆದದ್ದು: ಮೈಕಿನ ಗದ್ದಲದಲ್ಲಿ ಯಾರ ಜೊತೆಯೂ ಮಾತಾಡಲು ಆಗದ್ದು, ಬಿಸಿ ಊಟ, ಬೀಳ್ಕೊಡಲು ಬಾಗಿಲವರೆಗೆ ಬಂದ ಸ್ನೇಹಿತ. ಹೂವು ಯಾವ ಬಣ್ಣದ್ದು ಅಂತ ಇಬ್ಬರೂ ಬರೆದಿರಲಿಲ್ಲ. ಕುರ್ಚಿಯ ಹೊದಿಕೆಯಂತೂ ಬಿಡಿ.

ಲೆಕ್ಕಕ್ಕೆ ಕೂತದ್ದು ಇದಾದ ಮೇಲೆ. ಖರ್ಚಿನಲ್ಲಿ ಎರಡು ಜಾತಿ ಇದೆ. ತಲೆ ಹೆಚ್ಚಿದಷ್ಟೂ ಬೆಳೆಯುವುದು ಒಂದು: ಊಟ, ಕುರ್ಚಿ, ಹಾಲ್‌ನ ಅಳತೆ, ಬಡಿಸುವವರು, ಓಡಾಟದ ಗಾಡಿ, ಆಮಂತ್ರಣ. ಎಷ್ಟೇ ಜನ ಬಂದರೂ ಹೆಚ್ಚುಕಡಿಮೆ ಅಷ್ಟೇ ಇರುವುದು ಇನ್ನೊಂದು: ಫೋಟೋ, ಮದುಮಕ್ಕಳ ಬಟ್ಟೆ, ಹಾಡು. ಇವರ ಪಟ್ಟಿಯಲ್ಲಿ 420 ಹೆಸರಿದ್ದವು. ಅದನ್ನು ಮುಟ್ಟದೆ ಕಾಗದದ ದಪ್ಪಕ್ಕೆ ಜಗಳ ಆಡುತ್ತಿದ್ದರು! ಪತ್ರ ಎಷ್ಟೇ ಅಗ್ಗದ್ದು ಮಾಡಿಸಿದರೂ ಉಳಿಯುವುದು ಒಟ್ಟು ಖರ್ಚಿನ ನೂರರಲ್ಲಿ ಒಂದು ಪಾಲೂ ಇಲ್ಲ. ಪಟ್ಟಿ ಅರ್ಧವಾದರೆ ಮೊದಲ ಜಾತಿಯ ಖರ್ಚು ಹತ್ತಿರ ಹತ್ತಿರ ಅರ್ಧವಾಗುತ್ತದೆ.

ಹೆಸರು ತೆಗೆಯುವುದು ಸುಲಭ ಅಲ್ಲ. "ಅವರು ನಮ್ಮನ್ನು ಕರೆದಿದ್ದರು, ನಾವು ಕರೆಯದಿದ್ದರೆ ಹೇಗೆ?" ಅಂತ ಅಪ್ಪ. ಅದು ನ್ಯಾಯವಾದ ಮಾತೇ. ಹಾಗಾಗಿ ಎರಡು ಭಾಗ ಮಾಡಲು ಹೇಳಿದೆ. ಮದುವೆಗೆ, ಇಬ್ಬರಲ್ಲಿ ಒಬ್ಬರಾದರೂ ಮುಖ ನೋಡಿ ಹೆಸರು ಹೇಳಬಲ್ಲ ಜನ ಮಾತ್ರ. ಉಳಿದವರಿಗೆ ಇನ್ನೊಂದು ದಿನ ಸಂಜೆ ಎರಡು ಗಂಟೆಯ ಸರಳ ಕೂಟ. ದೊಡ್ಡ ಊಟ ಇಲ್ಲ, ವೇದಿಕೆ ಇಲ್ಲ. ಬಂದು ಹರಸಿ, ಮಾತಾಡಿ ಹೋಗುವುದು. ಮದುವೆಯ ಪಟ್ಟಿ 150ಕ್ಕೆ ಇಳಿಯಿತು. ಜನ ಬೇಕು ಎನ್ನುವ ಅಪ್ಪನ ಆಸೆಯೂ ಉಳಿಯಿತು.

ಉಳಿದ ಸಲಹೆಗಳನ್ನು ಬೇಗ ಹೇಳಿಬಿಡುತ್ತೇನೆ. ದಿನಾಂಕ ಗಟ್ಟಿ ಮಾಡುವ ಮೊದಲೇ ಹಾಲ್ ವಿಚಾರಿಸಿ. ಬೇಡಿಕೆ ಕಡಿಮೆ ಇರುವ ತಿಂಗಳು, ವಾರದ ಮಧ್ಯದ ದಿನ ಸಿಕ್ಕರೆ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ ಇರುತ್ತದೆ. ಬಾಡಿಗೆಯಲ್ಲಿ ಏನೇನು ಸೇರಿದೆ ಅಂತ ಬರಹದಲ್ಲಿ ತೆಗೆದುಕೊಳ್ಳಿ: ಕರೆಂಟು, ಶುಚಿ ಮಾಡುವ ಖರ್ಚು, ಹೊತ್ತು ಮೀರಿದರೆ ಎಷ್ಟು, ರದ್ದಾದರೆ ಮುಂಗಡ ವಾಪಸ್ ಎಷ್ಟು. ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲನ್ನು ಪಟ್ಟಿಯ ಮೊದಲ ಸಾಲಿನಲ್ಲೇ "ಗೊತ್ತಿಲ್ಲದ ಖರ್ಚು" ಅಂತ ಬರೆದಿಡಿ. ಕೊನೆಗೆ ಉಳಿದರೆ ಇಡೋಣ ಅಂದುಕೊಂಡರೆ ಅದು ಉಳಿಯುವುದೇ ಇಲ್ಲ. ಬಟ್ಟೆ ಬಾಡಿಗೆಗೆ ತರುವುದರಲ್ಲಿ ಸಂಕೋಚ ಬೇಡ. ಎಲ್ಲವನ್ನೂ ನಾವೇ ಮಾಡುತ್ತೇವೆ ಎಂಬ ಹುಮ್ಮಸ್ಸಿಗೆ ಮಾತ್ರ ನಾನು ಅಡ್ಡ ಹೇಳುತ್ತೇನೆ. ಹಿಂದಿನ ರಾತ್ರಿ ಎರಡು ಗಂಟೆಗೆ ಅಂಟು ಹಚ್ಚುತ್ತಾ ಕೂತು, ಬೆಳಿಗ್ಗೆ ಊದಿದ ಕಣ್ಣಲ್ಲಿ ಫೋಟೋಕ್ಕೆ ನಿಂತವರನ್ನು ಕಂಡಿದ್ದೇನೆ.

ಇನ್ನೊಂದು ಸಲಹೆಗೆ ದುಡ್ಡೇ ಬೇಡ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ 14 ಡಿಗ್ರಿ ತಣ್ಣೀರಿನಲ್ಲಿ ಒಂದು ನಿಮಿಷ ಕೈ ಅದ್ದಿದರು. ಮತ್ತೊಂದು ಸಲ ಅದೇ ಒಂದು ನಿಮಿಷ, ಮೇಲೆ ಇನ್ನರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸಿದ್ದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಕೊನೆ ಸ್ವಲ್ಪ ಹಿತವಾಗಿದ್ದರೆ ನೆನಪೂ ಹಿತವಾಗಿಬಿಡುತ್ತದೆ. ಸಾಮಾನ್ಯವಾಗಿ ಮದುವೆಯ ಕೊನೆಯಲ್ಲಿ ಏನಾಗುತ್ತದೆ? ಲೈಟಿನವರು, ಅಡುಗೆಯವರು ಬಿಲ್ಲಿಗೆ ಬಂದು ನಿಲ್ಲುತ್ತಾರೆ. ಮನೆಯವರೆಲ್ಲ ದುಡ್ಡು ಎಣಿಸುತ್ತಾರೆ. ಅತಿಥಿಗಳು ತಾವಾಗಿಯೇ ಹೊರಟುಹೋಗುತ್ತಾರೆ. ಬಾಕಿ ಹಣವನ್ನೆಲ್ಲ ಹಿಂದಿನ ದಿನವೇ ಬೇರೆ ಬೇರೆ ಲಕೋಟೆಗೆ ಹಾಕಿ ಮಾವನ ಕೈಗೆ ಕೊಡಿ, ನೀವಿಬ್ಬರೂ ಬಾಗಿಲಲ್ಲಿ ನಿಲ್ಲಿ ಎಂದೆ. ಹುಡುಗ ತನ್ನ ಪಟ್ಟಿ ತೆಗೆದು "ಬೀಳ್ಕೊಡಲು ಬಂದ ಸ್ನೇಹಿತ" ಎಂಬ ಸಾಲಿಗೆ ಗೆರೆ ಎಳೆದ.

ಮದುವೆ ಆಯಿತು. ಸಾಲ ಆಗಲಿಲ್ಲ. ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಸಂಜೆಯ ಕೂಟಕ್ಕೆ ಮಾತ್ರ ಕರೆದದ್ದಕ್ಕೆ ಮುನಿಸಿಕೊಂಡು ಬರಲೇ ಇಲ್ಲ. ಆ ನೋವು ಅಪ್ಪನಿಗೆ ಇನ್ನೂ ಇದೆಯಂತೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಗೊತ್ತಿಲ್ಲದ ಖರ್ಚಿಗೆ ಇಟ್ಟಿದ್ದರಲ್ಲಿ ಅರ್ಧ ಹಾಗೇ ಉಳಿದಿದೆ. ಕಳೆದ ವಾರ ಇಬ್ಬರೂ ಮತ್ತೆ ಬಂದಿದ್ದರು. ಹುಡುಗ ಅದನ್ನು ಬ್ಯಾಂಕಿನಲ್ಲಿ ಇಡೋಣ ಅನ್ನುತ್ತಾನೆ. ಹುಡುಗಿಗೆ ನಾಲ್ಕು ದಿನ ಎಲ್ಲಾದರೂ ಹೋಗಿ ಬರುವ ಆಸೆ. ಈ ಸಲ ಎಮೊರಿಯ ಹಾಳೆ ಅವಳ ಕೈಯಲ್ಲಿತ್ತು. ಮಧುಚಂದ್ರಕ್ಕೆ ಹೋದವರಲ್ಲೂ, ಖರ್ಚು ಎಷ್ಟೇ ಇರಲಿ, ವಿಚ್ಛೇದನ ಕಡಿಮೆ ಎಂಬ ಸಾಲಿಗೆ ಹಳದಿ ಬಣ್ಣ ಬಳಿದು ತಂದಿದ್ದಳು.