ಒಂದೇ ಅಡ್ಡಹೆಸರಿನ ಇಂಗ್ಲಿಷರೆಲ್ಲ ಒಬ್ಬನೇ ಪೂರ್ವಜನ ಸಂತತಿಯೇ?

ಎಲ್ಲ ಹೆಸರಿಗೂ ಈ ಮಾತು ಹೊಂದುವುದಿಲ್ಲ. ಅಡ್ಡಹೆಸರು ಅಪರೂಪದ್ದಾದಷ್ಟೂ ಮೂಲಪುರುಷ ಒಬ್ಬನೇ ಆಗಿರುವ ಸಂಭವ ಹೆಚ್ಚು. ಸ್ಮಿತ್ ಎಂದರೆ ಕಮ್ಮಾರ. ಊರೂರಿನ ಕಮ್ಮಾರರಿಗೆ ಆ ಹೆಸರು ಬೇರೆಬೇರೆಯಾಗಿ ಅಂಟಿಕೊಂಡಿತು, ಹಾಗಾಗಿ ಅವರು ರಕ್ತಸಂಬಂಧಿಗಳಾಗಿರಬೇಕಿಲ್ಲ.

ಇದನ್ನು ಪತ್ತೆಹಚ್ಚಲು ನೆರವಾಗುವುದು ವೈ ಕ್ರೋಮೋಸೋಮ್. ಗಂಡಸರಲ್ಲಿ ಮಾತ್ರ ಇರುವ ಈ ವರ್ಣತಂತು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರೂ ಬರುವುದು ಅದೇ ದಾರಿಯಲ್ಲಿ. 2000ದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತಮ್ಮದೇ ಅಡ್ಡಹೆಸರಿನ ಗಂಡಸರ ಡಿಎನ್‌ಎ ಪರೀಕ್ಷಿಸಿದಾಗ, ಹತ್ತಿರಹತ್ತಿರ ಅರ್ಧದಷ್ಟು ಮಂದಿಯಲ್ಲಿ ಒಂದೇ ಮಾದರಿಯ ವೈ ಸಿಕ್ಕಿತು. ನನಗಂತೂ ಇದು ಬೆರಗಿನ ಸಂಗತಿ: ಶತಮಾನಗಳ ಹಿಂದೆ ಯಾರ್ಕ್‌ಶೈರಿನಲ್ಲಿ ಹುಟ್ಟಿದ ಹೆಸರು ಇವತ್ತಿಗೂ ಜೀವಕೋಶದೊಳಗೆ ಗುರುತು ಉಳಿಸಿಕೊಂಡಿದೆ.

ಉಳಿದರ್ಧ ಹೇಗೆ ತಪ್ಪಿತು? ದತ್ತು, ತಾಯಿಯ ಹೆಸರು ಮುಂದುವರಿದದ್ದು, ಮದುವೆಯಾಚೆಗೆ ಹುಟ್ಟಿದ ಮಕ್ಕಳು. ತಲೆಮಾರಿಗೆ ನೂರಕ್ಕೆ ಮೂರು ಕಡೆ ಕೊಂಡಿ ಕಳಚಿದರೂ 25 ತಲೆಮಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೂಲ ವೈ ಕಳೆದುಕೊಂಡಿರುತ್ತಾರೆ. ಅದಕ್ಕೇ ವೈ ಹೊಂದದಿದ್ದರೆ ಮನೆತನದವರಲ್ಲ ಎಂದು ತೀರ್ಮಾನಿಸಬಾರದು.

ಇನ್ನೊಂದು ಮಾತು. ಹತ್ತು ತಲೆಮಾರು ಹಿಂದೆ ಹೋದರೆ ನಿಮ್ಮ ವಂಶವೃಕ್ಷದಲ್ಲಿ 1024 ಸ್ಥಾನಗಳಿವೆ. ಅಡ್ಡಹೆಸರು ತೋರಿಸುವುದು ಅವುಗಳಲ್ಲಿ ಒಂದನ್ನು ಮಾತ್ರ.