‘ಈಡಿತ್’ ಎಂಬ ಹೆಸರಿನಲ್ಲಿ ಯುದ್ಧವಿದೆಯೇ?

ಪ್ರಶ್ನೆ: ನಾನು ಮೈಸೂರಿನವಳು. ಇಂಗ್ಲೆಂಡಿನಲ್ಲಿರುವ ಮಗನಿಗೆ ಹೆಣ್ಣುಮಗುವಾಗಿದೆ. ಅಲ್ಲಿಯವಳೇ ಆದ ಸೊಸೆ ತನ್ನ ಮುತ್ತಜ್ಜಿಯ ‘ಎಡಿತ್’ ಎಂಬ ಹೆಸರಿಡಬೇಕೆಂದಿದ್ದಾಳೆ. ಅದರ ಅರ್ಥದಲ್ಲಿ ಯುದ್ಧವಿದೆಯೆಂದು ತಿಳಿದು ಕಸಿವಿಸಿಯಾಗಿದೆ; ನನ್ನ ಓರಗಿತ್ತಿಯಂತೂ ‘ಎಡವಟ್ಟು’ ಎಂದು ನಕ್ಕರು. ಬೇಡವೆಂದು ಹೇಳಲೇ?

ಉತ್ತರ: ಹೇಳಬೇಡಿ, ತಾಯಿ. ಮೊದಲಿಗೆ, ನಮ್ಮ ಪತ್ರಿಕೆಗಳು ‘ಎಡಿತ್’ ಎಂದು ಬರೆದರೂ ಇಂಗ್ಲಿಷರ ಬಾಯಲ್ಲಿ ಅದು ‘ಈಡಿತ್’. ಓರಗಿತ್ತಿಯವರ ನಗುವಿಗೆ ಅಲ್ಲಿಗೆ ಆಸ್ಪದವಿಲ್ಲ.

ಯುದ್ಧದ ಮಾತು ಸುಳ್ಳಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಹೆಸರಿನ ಪೂರ್ವಾರ್ಧಕ್ಕೆ ಸಂಪತ್ತು, ಭಾಗ್ಯ ಎಂದೂ ಉತ್ತರಾರ್ಧಕ್ಕೆ ಕದನವೆಂದೂ ಅರ್ಥ. ಆದರೆ ಆ ಕಾಲದವರು ಎರಡು ಪದಗಳನ್ನು ಜೋಡಿಸಿ ಹೆಸರು ಕಟ್ಟುವಾಗ ಕೂಡಿದ ಅರ್ಥಕ್ಕಿಂತ ಮನೆತನದ ಗುರುತನ್ನೇ ಹೆಚ್ಚಾಗಿ ನೋಡುತ್ತಿದ್ದರು. ಹತ್ತನೆಯ ಶತಮಾನದ ದೊರೆ ಎಡ್ಗರ್‌ನ ಮಕ್ಕಳಲ್ಲಿ ಎಡ್ವರ್ಡ್, ಎಡ್ಮಂಡ್ ಇದ್ದಂತೆಯೇ ವಿಲ್ಟನ್ನಿನ ಮಠದಲ್ಲಿ ಬಾಳಿ ಸಂತಳೆನಿಸಿದ ಈಡಿತ್ ಕೂಡ ಇದ್ದಳು. ಇಷ್ಟಕ್ಕೂ, ಚಂಡಮುಂಡರನ್ನು ಕೊಂದವಳ ಬೆಟ್ಟವನ್ನು ದಿನವೂ ಕಂಡು ಕೈಮುಗಿಯುವ ಮೈಸೂರಿನವರು ಹೆಸರಿನೊಳಗಿನ ಕದನಕ್ಕೆ ಅಂಜುವುದೇ?

ಸೊಸೆಯ ನಾಡಿನಲ್ಲಿ ಈ ಹೆಸರು ಕೇಳಿದವರಿಗೆ ಯುದ್ಧವಲ್ಲ, ಹಳೆಯ ಕಾಲದ ಅಜ್ಜಿಯೊಬ್ಬಳು ನೆನಪಾಗುತ್ತಾಳೆ. ಇಲ್ಲವೇ ಮೊದಲ ಮಹಾಯುದ್ಧದಲ್ಲಿ ಸೈನಿಕರು ತಪ್ಪಿಸಿಕೊಳ್ಳಲು ನೆರವಾದಳೆಂದು 1915ರ ಅಕ್ಟೋಬರ್ 12ರಂದು ಬ್ರಸೆಲ್ಸ್‌ನಲ್ಲಿ ಜರ್ಮನ್ನರ ಗುಂಡಿಗೆ ಬಲಿಯಾದ ದಾದಿ ಈಡಿತ್ ಕ್ಯಾವೆಲ್. ಆಕೆಯ ನೆನಪಿಗಾಗಿ ಆಗ ಎಷ್ಟೋ ಕೂಸುಗಳಿಗೆ ಅದೇ ಹೆಸರಿಟ್ಟರು.

ಸಂಸ್ಕೃತದಲ್ಲಿ ‘ಈಡಿತಾ’ ಎಂದರೆ ಸ್ತುತಿಸಲ್ಪಟ್ಟವಳು. ಋಗ್ವೇದದ ಮೊದಲ ಮಾತಾದ ‘ಅಗ್ನಿಮೀಳೇ’ಯಲ್ಲಿರುವುದೂ ಅದೇ ಧಾತು. ಇದು ಕೇವಲ ಸದ್ದಿನ ಹೋಲಿಕೆ, ಎರಡಕ್ಕೂ ನಂಟಿಲ್ಲ. ನಿಮ್ಮ ಮನಸ್ಸಿಗೆ ಹಿತವೆನಿಸಿದರೆ ಇಟ್ಟುಕೊಳ್ಳಿ, ಆದರೆ ಹೆಸರು ನಮ್ಮದೇ ಎಂದು ಸೊಸೆಯ ಮುಂದೆ ವಾದಿಸಬೇಡಿ. ಅದು ಅವಳ ಮುತ್ತಜ್ಜಿಯದು. ಹಿರಿಯರ ಹೆಸರನ್ನು ಕೂಸಿಗಿಡುವುದು ನಮ್ಮಲ್ಲೂ ಇರುವ ಪದ್ಧತಿಯೇ ತಾನೆ?

ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವಾಗ ನಕ್ಷತ್ರದ ಹೆಸರು, ಮನೆದೇವರ ಹೆಸರು, ಕರೆಯುವ ಹೆಸರು ಎಂದು ಮೂರ್ನಾಲ್ಕಕ್ಕೆ ಜಾಗವಿರುತ್ತದೆ; ಅವುಗಳಲ್ಲಿ ಒಂದನ್ನು ನೀವು ಆರಿಸುವಿರೆಂದು ಕೇಳಿದರೆ ಅವರು ಒಲ್ಲೆನ್ನಲಾರರು. ಅದಕ್ಕೂ ಮೊದಲು ಸೊಸೆಗೆ ಫೋನು ಮಾಡಿ, ಆ ಮುತ್ತಜ್ಜಿ ಹೇಗಿದ್ದರೆಂದು ವಿಚಾರಿಸಿ.